ಅಮೆರಿಕನ್ ಫುಟ್‌ಬಾಲ್: ಪದಗಳು, ಆಟಗಾರರ ಜಾಗಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ನಿಯಮಗಳು. ಕಾಲೇಜು ಆಟ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇವೆ. ಆಟದ ಪದಗಳನ್ನು ಕನ್ನಡಕ್ಕೆ ತಿರುಗಿಸಲು ಹೋಗಿಲ್ಲ. ಟಿವಿಯಲ್ಲಿ ಕೇಳಿಸುವುದು ಅವೇ ಪದಗಳು ತಾನೆ. ಯಾರ್ಡ್ ಎಂಬುದನ್ನು ಮಾತ್ರ ಗಜ ಎಂದು ಬರೆದಿದ್ದೇವೆ. ಬಟ್ಟೆ ಅಂಗಡಿಯಲ್ಲಿ ಅಳೆಯುತ್ತಿದ್ದ ಅದೇ ಮೂರು ಅಡಿಯ ಗಜ.

ಕೈಯಲ್ಲಿ ಆಡುವ ಆಟಕ್ಕೆ ಫುಟ್‌ಬಾಲ್ ಅಂತ ಹೆಸರೇಕೆ?

ಸಾಕರ್, ರಗ್ಬಿ, ಇದು ಮೂರೂ ಒಂದೇ ಬೇರಿನವು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ ಪಂದ್ಯವನ್ನು ಈ ಆಟದ ಮೊದಲ ಪಂದ್ಯ ಎನ್ನುತ್ತಾರೆ. ಅದು ಸಾಕರ್‌ಗೇ ಹತ್ತಿರವಿತ್ತು. ಆಮೇಲೆ ಆಟ ರಗ್ಬಿಯತ್ತ ವಾಲಿತು. 1880ರ ದಶಕದಲ್ಲಿ ವಾಲ್ಟರ್ ಕ್ಯಾಂಪ್ ಸ್ಕ್ರಿಮೇಜ್ ಗೆರೆಯನ್ನೂ ಡೌನ್‌ಗಳನ್ನೂ (ಇವೇನೆಂದು ಕೆಳಗಿದೆ) ತಂದ ಮೇಲೆ ರಗ್ಬಿಯಿಂದಲೂ ಕವಲೊಡೆಯಿತು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದು 1906ರಲ್ಲಿ. ಹೆಸರು ಮಾತ್ರ ಹಳೆಯದೇ ಉಳಿಯಿತು.

ಒಂದೇ ಮಾತಲ್ಲಿ ಆಟ ಏನು?

ನೆಲ ಗೆಲ್ಲುವುದು. ಚೆಂಡಿರುವ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಒಂದೊಂದು ಅವಕಾಶವೂ ಒಂದು ಡೌನ್. ಕ್ರಿಕೆಟ್ ಪಿಚ್ 22 ಗಜ, ಅದರ ಅರ್ಧಕ್ಕಿಂತ ತುಸು ಕಡಿಮೆ ದೂರ ಅಂದುಕೊಳ್ಳಿ. 10 ಗಜ ದಾಟಿದರೆ ಲೆಕ್ಕ ಮತ್ತೆ ಒಂದರಿಂದ ಶುರು. ನಾಲ್ಕರಲ್ಲೂ ಆಗದಿದ್ದರೆ ಚೆಂಡು ನಿಂತ ಜಾಗದಲ್ಲೇ ಎದುರಾಳಿಯ ಪಾಲು. ಇದನ್ನು ಟರ್ನೋವರ್ ಆನ್ ಡೌನ್ಸ್ ಎನ್ನುತ್ತಾರೆ.

ಪ್ರತಿ ಡೌನ್ ಶುರುವಾಗುವ ಅಡ್ಡಗೆರೆಯೇ ಸ್ಕ್ರಿಮೇಜ್ ಗೆರೆ. ಕಬಡ್ಡಿಯ ನಡುಗೆರೆ ಪ್ರತಿ ರೇಡಿಗೂ ಜಾಗ ಬದಲಿಸಿದರೆ ಹೇಗಿರುತ್ತದೋ ಹಾಗೆ. ಒಂದು ಡೌನಿನ ಆಟ ನಡೆಯುವುದು ಐದಾರು ಸೆಕೆಂಡು ಮಾತ್ರ. ಆಮೇಲೆ ಮುಂದಿನದಕ್ಕೆ 40 ಸೆಕೆಂಡಿನ ಗಡಿಯಾರ ಓಡುತ್ತದೆ. ನೋಡುವವರಿಗೆ ಬೇಸರ ಬರುವುದು ಈ 40 ಸೆಕೆಂಡಿನಲ್ಲೇ. ಆದರೆ ಆಟದ ಯೋಚನೆಯೆಲ್ಲ ನಡೆಯುವುದೂ ಆಗಲೇ.

ತೆರೆಯ ಮೇಲೆ ‘3 & 7’ ಅಂತ ಬರುತ್ತದಲ್ಲ, ಅದೇನು?

ಮೂರನೇ ಡೌನ್, ಇನ್ನೂ 7 ಗಜ ಬಾಕಿ. ಇದನ್ನು ಓದಲು ಬಂದರೆ ಆಟದ ಮುಕ್ಕಾಲು ಪಾಲು ಬಂದಂತೆ. ಒಂದು ಡ್ರೈವ್ ನೋಡೋಣ, ಅಂದರೆ ಚೆಂಡು ಒಂದು ತಂಡದ ಕೈಯಲ್ಲಿರುವಷ್ಟು ಹೊತ್ತಿನ ಆಟ.

ತಂಡ ತನ್ನ 25 ಗಜದ ಗೆರೆಯಲ್ಲಿದೆ (ತನ್ನ ಗೋಲ್ ಗೆರೆಯಿಂದ 25 ಗಜ ಮುಂದೆ): 1 & 10. ಓಡಿ 3 ಗಜ ಗಳಿಸಿತು. ಈಗ 28ರಲ್ಲಿ 2 & 7. ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು. ಜಾಗ ಅದೇ 28, ಲೆಕ್ಕ 3 & 7. ಮುಂದಿನ ಪಾಸ್ 12 ಗಜ ಕೊಟ್ಟಿತು. ತಂಡ 40ಕ್ಕೆ ಬಂತು, ಮತ್ತೆ 1 & 10. ಅಷ್ಟರಲ್ಲಿ ಒಬ್ಬ ಹೋಲ್ಡಿಂಗ್ ಮಾಡಿ (ಎದುರಾಳಿಯನ್ನು ಹಿಡಿದೆಳೆದು) ಸಿಕ್ಕಿಬಿದ್ದ, 10 ಗಜ ದಂಡ. 30ಕ್ಕೆ ಹಿಂದೆ ಸರಿದು 1 & 20. ಗಮನಿಸಿ, ದಂಡ ಬಿದ್ದರೂ ಡೌನ್ ಕಳೆಯಲಿಲ್ಲ. ಆಮೇಲೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕನ್ನು ಗೆರೆಯ ಹಿಂದೆ 6 ಗಜದಲ್ಲಿ ಕೆಡವಿದರು, ಇದು ಸ್ಯಾಕ್. ಈಗ 24ರಲ್ಲಿ 2 & 26. ಹೊರಟ ಜಾಗಕ್ಕಿಂತ ಒಂದು ಗಜ ಹಿಂದೆಯೇ ಇದ್ದಾರೆ. ಡ್ರೈವ್ ಕೆಡುವುದು ಬಹುಪಾಲು ಹೀಗೇ, ದೊಡ್ಡ ತಪ್ಪಿನಿಂದಲ್ಲ, ಒಂದು ದಂಡ ಮತ್ತು ಒಂದು ಸ್ಯಾಕ್‌ನಿಂದ.

ಟಿವಿಯಲ್ಲಿ ಕಾಣುವ ಹಳದಿ ಗೆರೆ ಮೈದಾನದಲ್ಲಿ ಇರುವುದಿಲ್ಲ. 10 ಗಜ ಎಲ್ಲಿ ಮುಗಿಯುತ್ತದೆಂದು ನಮಗೆ ತೋರಿಸಲು 1998ರಿಂದ ಕಂಪ್ಯೂಟರ್‌ನಲ್ಲಿ ಬರೆಯುತ್ತಿದ್ದಾರೆ. ಅದು ಅಧಿಕೃತವೂ ಅಲ್ಲ.

ಮೈದಾನದ ಅಳತೆ?

ಗೋಲ್ ಗೆರೆಯಿಂದ ಗೋಲ್ ಗೆರೆಗೆ 100 ಗಜ, ಎರಡು ತುದಿಯಲ್ಲೂ 10 ಗಜದ ಎಂಡ್ ಝೋನ್. ಅಗಲ 160 ಅಡಿ. ಅಂಕಿಗಳು 10ರಿಂದ 50ಕ್ಕೆ ಏರಿ ಮತ್ತೆ 10ಕ್ಕೆ ಇಳಿಯುತ್ತವೆ. ಆದ್ದರಿಂದ ಬರೀ ‘25’ ಎಂದರೆ ಸಾಲದು, ತಮ್ಮ 25ಓ ಎದುರಾಳಿಯ 25ಓ ತಿಳಿಯಬೇಕು. ಎದುರಾಳಿಯ 20ರಿಂದ ಒಳಗಿನ ಜಾಗಕ್ಕೆ ರೆಡ್ ಝೋನ್ ಎನ್ನುತ್ತಾರೆ.

ಅಂಕಗಳು ಹೇಗೆ?

ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಎಂಡ್ ಝೋನಿಗೆ ಮುಟ್ಟಿಸಿದರೆ, 6. ರಗ್ಬಿಯ ಹಾಗೆ ಚೆಂಡನ್ನು ನೆಲಕ್ಕೆ ಒತ್ತಬೇಕಿಲ್ಲ. ಕೈಯಲ್ಲಿರುವ ಚೆಂಡಿನ ತುದಿ ಗೋಲ್ ಗೆರೆಯ ಮೇಲಿನ ಗಾಳಿಯನ್ನು ತಾಗಿದರೂ ಸಾಕು. ಟಚ್‌ಡೌನ್ ಆದ ಮೇಲೆ ಒಂದು ಆಯ್ಕೆ ಸಿಗುತ್ತದೆ. ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು 1 ಅಂಕ ಪಡೆಯಬಹುದು, ಅಥವಾ 2 ಗಜದ ಗೆರೆಯಿಂದ ಓಡಿ ಇಲ್ಲವೇ ಎಸೆದು 2 ಪಡೆಯಬಹುದು. ಮೊದಲೆಲ್ಲ ಆ ಒಂದಂಕದ ಒದೆತ ಕಣ್ಣು ಮುಚ್ಚಿ ಹೊಡೆಯುವಷ್ಟು ಸುಲಭವಿತ್ತು. 2015ರಲ್ಲಿ ಚೆಂಡನ್ನು 15 ಗಜದ ಗೆರೆಗೆ ಸರಿಸಿದ ಮೇಲೆ ಅದು 33 ಗಜದ ಒದೆತವಾಗಿ, ತಪ್ಪುವುದೂ ಶುರುವಾಯಿತು. ಡೌನ್‌ಗಳ ನಡುವೆ ಹಾಗೆಯೇ ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೆ 3. ಸೇಫ್ಟಿಗೆ 2, ಅದರ ಕಥೆ ಕೆಳಗಿದೆ.

ನಾಲ್ಕನೇ ಡೌನ್‌ನಲ್ಲಿ ಯಾಕೆ ಒದೆಯುತ್ತಾರೆ?

ವಿಫಲರಾದರೆ ಚೆಂಡು ಅಲ್ಲೇ ಎದುರಾಳಿಗೆ ಹೋಗುತ್ತದಲ್ಲ, ಅದಕ್ಕೆ. ತಮ್ಮ ತುದಿಗೆ ಹತ್ತಿರವಿದ್ದರೆ ಪಂಟ್: ಕೈಯಿಂದ ಬಿಟ್ಟ ಚೆಂಡನ್ನು ನೆಲಕ್ಕೆ ತಾಗುವ ಮೊದಲೇ ಒದ್ದು 40–50 ಗಜ ಆಚೆ ಕಳಿಸುವುದು. ಚೆಂಡು ಹೇಗೂ ಕೊಡಬೇಕು, ದೂರದಲ್ಲಿ ಕೊಡೋಣ ಎಂಬ ಲೆಕ್ಕ. ಕಂಬಗಳು ಹತ್ತಿರವಿದ್ದರೆ ಫೀಲ್ಡ್ ಗೋಲ್.

ಫೀಲ್ಡ್ ಗೋಲ್ ದೂರವನ್ನು ನೀವೇ ಲೆಕ್ಕ ಹಾಕಬಹುದು. ಚೆಂಡು ಎದುರಾಳಿಯ 30ರಲ್ಲಿದ್ದರೆ 30ಕ್ಕೆ 17 ಅಥವಾ 18 ಸೇರಿಸಿ. ಕಂಬಗಳು ಎಂಡ್ ಝೋನಿನ ಹಿಂಬದಿಯಲ್ಲಿರುವುದರಿಂದ 10, ಚೆಂಡನ್ನು ಹಿಂದಕ್ಕೆ ಕೊಟ್ಟು ನಿಲ್ಲಿಸುವ ಜಾಗಕ್ಕೆ 7–8. ಅಂದರೆ 47–48 ಗಜದ ಒದೆತ. ತಪ್ಪಿದರೆ ಎದುರಾಳಿ ಆಟ ಶುರು ಮಾಡುವುದು ಒದ್ದ ಜಾಗದಿಂದ. ಹಾಗಾಗಿ 55 ಗಜದ ಒದೆತ ತಪ್ಪಿದರೆ ಪೆಟ್ಟು ಜೋರಾಗಿಯೇ ಬೀಳುತ್ತದೆ.

ಕಡಿಮೆ ದೂರವಿದ್ದರೆ ಒದೆಯದೆ ಆಡಿಬಿಡುವ ತಂಡಗಳೂ ಇವೆ. ಇತ್ತೀಚಿನ ವರ್ಷಗಳಲ್ಲಿ ಈ ಧೈರ್ಯ ಹೆಚ್ಚಿದೆ. ನಮ್ಮ ಅಭಿಪ್ರಾಯದಲ್ಲಿ 4 & 1ರಲ್ಲಿ, ನಡುಮೈದಾನ ದಾಟಿದ ಮೇಲೂ ಪಂಟ್ ಮಾಡುವವರು ಸುಮ್ಮನೆ ಹೆದರುತ್ತಾರೆ.

ಚೆಂಡು ಎಲ್ಲಿದೆ ಅಂತಲೇ ಕಾಣುವುದಿಲ್ಲ. ಏನು ನೋಡಲಿ?

ಚೆಂಡನ್ನು ಬಿಡಿ, ಚೆಂಡಿರುವ ತಂಡದ ನಡುವಿನ ಐವರನ್ನು ನೋಡಿ. ಅದೇ ಅಫೆನ್ಸಿವ್ ಲೈನ್. ಮಧ್ಯದಲ್ಲಿ ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ಹೊರಗೆ ಟ್ಯಾಕಲ್‌ಗಳು. ಬಹುತೇಕ ಎಲ್ಲರೂ 300 ಪೌಂಡ್, ಅಂದರೆ 136 ಕಿಲೋ ದಾಟಿದವರು. ಅಂಗಿಯ ಸಂಖ್ಯೆ 50ರಿಂದ 79ರೊಳಗೆ. ಪಾಸ್ ಹಿಡಿಯುವ ಹಕ್ಕು ಇವರಿಗಿಲ್ಲ (ಅಂಪೈರ್‌ಗಳ ಬಳಗಕ್ಕೆ ಮೊದಲೇ ತಿಳಿಸಿ, ಬೇರೆ ಜಾಗದಲ್ಲಿ ನಿಂತರೆ ಉಂಟು).

ಸೆಂಟರ್ ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವುದೇ ಸ್ನ್ಯಾಪ್. ಆ ಕ್ಷಣದಲ್ಲಿ ಐವರ ಚಲನೆ ನೋಡಿ. ಎದ್ದು ಹಿಂದಕ್ಕೆ ಹೆಜ್ಜೆ ಹಾಕುತ್ತ ಕೈಗಳನ್ನು ಎದೆಯ ಮುಂದೆ ತಂದರೆ ಅದು ಪಾಸ್. ತಗ್ಗಿಯೇ ಮುಂದಕ್ಕೆ ನುಗ್ಗಿದರೆ ಓಟ. ಚೆಂಡು ಯಾರ ಬಳಿಯಿದೆ ಎಂದು ಕ್ಯಾಮೆರಾ ಹುಡುಕುವ ಮೊದಲೇ ನಿಮಗೆ ಗೊತ್ತಾಗಿರುತ್ತದೆ. ರಕ್ಷಣೆಯವರೂ ಓದುವುದು ಇದನ್ನೇ. ಅದಕ್ಕೇ ತಂಡಗಳು ಸುಳ್ಳೂ ಆಡುತ್ತವೆ. ಲೈನ್ ಓಟದಂತೆ ನುಗ್ಗಿ, ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟಂತೆ ನಟಿಸಿ ಆಮೇಲೆ ಎಸೆಯುವುದೇ ಪ್ಲೇ ಆ್ಯಕ್ಷನ್.

ಬಲಗೈಯ ಕ್ವಾರ್ಟರ್‌ಬ್ಯಾಕ್ ಎಸೆಯಲು ತಿರುಗಿದಾಗ ಅವನ ಬೆನ್ನು ಎಡಕ್ಕಿರುತ್ತದೆ. ಅಲ್ಲಿಂದ ಬರುವವನು ಅವನಿಗೆ ಕಾಣುವುದಿಲ್ಲ. ಆ ಕಡೆಯನ್ನು ಕಾಯುವ ಎಡ ಟ್ಯಾಕಲ್‌ಗೆ ಸಂಬಳ ದೊಡ್ಡದಾಗಿರುವುದು ಇದಕ್ಕೇ.

ಕ್ವಾರ್ಟರ್‌ಬ್ಯಾಕ್ ಇಷ್ಟೇಕೆ ಮುಖ್ಯ?

ಹೆಚ್ಚುಕಡಿಮೆ ಪ್ರತಿ ಆಟವೂ ಅವನ ಕೈಯಿಂದಲೇ ಹೊರಡುತ್ತದೆ. ಹೆಲ್ಮೆಟ್ಟಿನ ಹಿಂದೆ ಹಸಿರು ಚುಕ್ಕಿ ಇದ್ದವನ ಕಿವಿಯಲ್ಲಿ ರೇಡಿಯೋ ಇರುತ್ತದೆ. ಕೋಚ್ ಅದರಲ್ಲಿ ಆಟ ಹೇಳುತ್ತಾನೆ. ಪ್ಲೇ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ರೇಡಿಯೋ ಸಂಪರ್ಕ ಕಡಿಯುತ್ತದೆ. ರಕ್ಷಣೆಯಲ್ಲೂ ಒಬ್ಬನಿಗೆ ಇಂಥ ಹೆಲ್ಮೆಟ್ ಇರುತ್ತದೆ, ಸಾಮಾನ್ಯವಾಗಿ ಲೈನ್‌ಬ್ಯಾಕರ್‌ಗೆ.

ಸಂಪರ್ಕ ಕಡಿದ ಮೇಲೆ ಅವನು ಒಬ್ಬನೇ. ಎದುರಿನ ಜೋಡಣೆ ನೋಡಿ ಆಟ ಬದಲಿಸಿದರೆ ಅದು ಆಡಿಬಲ್. ಸೆಂಟರ್ ಹಿಂದೆ ಒತ್ತಿಕೊಂಡು ನಿಂತರೆ ಅಂಡರ್ ಸೆಂಟರ್, ಐದಾರು ಗಜ ಹಿಂದೆ ನಿಂತರೆ ಶಾಟ್‌ಗನ್. ಲೈನ್ ಅವನ ಸುತ್ತ ಕಟ್ಟುವ ಕುದುರೆ ಲಾಳದ ಆಕಾರದ ಜಾಗ ಪಾಕೆಟ್. ಅದು ಎರಡೂವರೆ–ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದು ಅಪರೂಪ. ಒಡೆದರೆ ಸ್ಯಾಕ್. ಸ್ಯಾಕ್ ತಪ್ಪಿಸಿಕೊಳ್ಳಲು, ಯಾರೂ ಇಲ್ಲದ ಕಡೆ ಸುಮ್ಮನೆ ಚೆಂಡು ಬಿಸಾಡಿದರೆ ಇಂಟೆನ್ಷನಲ್ ಗ್ರೌಂಡಿಂಗ್ ಎಂಬ ದಂಡ: ಗಜವೂ ಹೋಯಿತು, ಡೌನೂ ಹೋಯಿತು. ಪಾಕೆಟ್ ಬಿಟ್ಟು ಪಕ್ಕಕ್ಕೆ ಬಂದು, ಚೆಂಡು ಸ್ಕ್ರಿಮೇಜ್ ಗೆರೆಯ ತನಕ ತಲುಪುವಂತೆ ಎಸೆದರೆ ದಂಡವಿಲ್ಲ. ‘ಥ್ರೋ ಅವೇ’ ಎನ್ನುವುದು ಅದನ್ನೇ.

ಉಳಿದ ದಾಳಿಗಾರರು?

ರನ್ನಿಂಗ್ ಬ್ಯಾಕ್ ಚೆಂಡು ಹೊತ್ತು ಓಡುವವನು. ಆದರೆ ಬ್ಲಿಟ್ಜ್ ಬಂದಾಗ (ರಕ್ಷಣೆಯವರು ಹೆಚ್ಚು ಮಂದಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದಾಗ) ನಿಂತು ತಡೆಯುವುದೂ ಅವನ ಕೆಲಸ. ಹೊಸಬರು ತಂಡದಿಂದ ಹೊರಗುಳಿಯುವುದು ಬಹಳ ಸಲ ಓಟ ಬರದೆ ಅಲ್ಲ, ಇದು ಬರದೆ. ಫುಲ್‌ಬ್ಯಾಕ್ ಅವನಿಗೆ ದಾರಿ ಬಿಡಿಸುವವನು. ಈಗ ಹಲವು ತಂಡಗಳಲ್ಲಿ ಈ ಜಾಗವೇ ಇಲ್ಲ. ವೈಡ್ ರಿಸೀವರ್ ಅಂಚಿನಲ್ಲಿ ನಿಂತು ಪಾಸ್ ಹಿಡಿಯುತ್ತಾನೆ. ಅಂಚಿಗೂ ಲೈನಿಗೂ ನಡುವೆ ನಿಂತರೆ ಸ್ಲಾಟ್ ರಿಸೀವರ್. ಟೈಟ್ ಎಂಡ್ ಲೈನಿನ ತುದಿಗೆ ಅಂಟಿಕೊಂಡು ನಿಲ್ಲುವವನು, ಅರ್ಧ ಲೈನ್‌ಮನ್, ಅರ್ಧ ರಿಸೀವರ್. ಟೇಲರ್ ಸ್ವಿಫ್ಟ್ ಕಾರಣಕ್ಕೆ ಆಟ ನೋಡಲು ಬಂದವರಿಗೆ ಗೊತ್ತಿರುವ ಟ್ರಾವಿಸ್ ಕೆಲ್ಸಿ ಆಡುವುದು ಇದೇ ಜಾಗದಲ್ಲಿ.

ಒಂದು ನಿಯಮ ನೆನಪಿಡಿ: ಸ್ನ್ಯಾಪ್ ಹೊತ್ತಿಗೆ ಕನಿಷ್ಠ ಏಳು ಮಂದಿ ಸ್ಕ್ರಿಮೇಜ್ ಗೆರೆಯಲ್ಲಿರಬೇಕು. ರಿಸೀವರ್ ಅಂಪೈರ್ ಕಡೆ ನೋಡಿ ಕೈ ಮಾಡುವುದು ‘ನಾನು ಗೆರೆಯಲ್ಲಿದ್ದೇನೆ ತಾನೆ?’ ಎಂದು ಕೇಳಲು.

ರಕ್ಷಣೆಯ ಸಾಲುಗಳು ಹೇಗೆ? ‘4-3’, ‘ನಿಕಲ್’ ಅಂದರೇನು?

ಮುಂದಿನ ಸಾಲು ಡಿಫೆನ್ಸಿವ್ ಲೈನ್: ಒಳಗೆ ಡಿಫೆನ್ಸಿವ್ ಟ್ಯಾಕಲ್, ಹೊರಗೆ ಡಿಫೆನ್ಸಿವ್ ಎಂಡ್, ಸೆಂಟರ್‌ಗೆ ನೇರ ಎದುರಿದ್ದರೆ ನೋಸ್ ಟ್ಯಾಕಲ್. ಅವರ ಹಿಂದೆ ಲೈನ್‌ಬ್ಯಾಕರ್‌ಗಳು. ಅಂಚಿನಲ್ಲಿ ಕಾರ್ನರ್‌ಬ್ಯಾಕ್‌ಗಳು, ಎಲ್ಲರಿಗಿಂತ ಹಿಂದೆ ಇಬ್ಬರು ಸೇಫ್ಟಿಗಳು. 4-3 ಎಂದರೆ ನಾಲ್ವರು ಲೈನ್, ಮೂವರು ಲೈನ್‌ಬ್ಯಾಕರ್. 3-4 ಇದರ ತಿರುವುಮುರುವು. ಹಿಂದಿನ ನಾಲ್ವರು ಎರಡರಲ್ಲೂ ಇದ್ದೇ ಇರುತ್ತಾರೆ.

ಆ ನಾಲ್ವರ ಜೊತೆ ಐದನೆಯವನು ಬಂದರೆ ನಿಕಲ್. ಅಮೆರಿಕದ ಐದು ಸೆಂಟ್ ನಾಣ್ಯದ ಹೆಸರು ಅದು. ಆರನೆಯವನು ಬಂದರೆ ಮುಂದಿನ ನಾಣ್ಯದ ಹೆಸರು, ಡೈಮ್. ಪುಸ್ತಕದಲ್ಲಿ 4-3 ಎಂದಿದ್ದರೂ ಈಗಿನ ಪಂದ್ಯದಲ್ಲಿ ಹೆಚ್ಚು ಹೊತ್ತು ಕಾಣುವುದು ನಿಕಲ್ಲೇ. ದಾಳಿಯವರು ಮೂವರು ರಿಸೀವರ್‌ಗಳನ್ನು ಇಳಿಸುತ್ತಾರೆ, ಲೈನ್‌ಬ್ಯಾಕರ್ ಅವರ ಬೆನ್ನು ಹತ್ತಲಾರ.

ಕ್ವಾರ್ಟರ್‌ಬ್ಯಾಕ್ ಬೆರಳು ತೋರಿಸಿ ‘54 ಮೈಕ್!’ ಎಂದು ಕೂಗುತ್ತಾನಲ್ಲ, 54ನೇ ಸಂಖ್ಯೆಯವನ ಹೆಸರು ಮೈಕ್ ಅಂತಲ್ಲ. ಮಿಡಲ್ ಲೈನ್‌ಬ್ಯಾಕರ್‌ಗೆ ಮೈಕ್, ಸ್ಟ್ರಾಂಗ್ ಕಡೆಯವನಿಗೆ (ಟೈಟ್ ಎಂಡ್ ಇರುವ ಪಕ್ಕ) ಸ್ಯಾಮ್, ವೀಕ್ ಕಡೆಯವನಿಗೆ ವಿಲ್. ಮ-ಮ, ಸ-ಸ, ವ-ವ. ಮೈಕ್ ಯಾರೆಂದು ಗೊತ್ತಾದರೆ ಲೈನಿನ ಐವರೂ ತಾವು ಯಾರನ್ನು ತಡೆಯಬೇಕೆಂದು ಅವನಿಂದ ಎಣಿಸುತ್ತಾರೆ.

ಸಾಮಾನ್ಯವಾಗಿ ನಾಲ್ವರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾರೆ. ಐವರು ಅಥವಾ ಹೆಚ್ಚು ನುಗ್ಗಿದರೆ ಬ್ಲಿಟ್ಜ್. ಬೇಗ ತಲುಪಿದರೆ ಸ್ಯಾಕ್. ತಲುಪದಿದ್ದರೆ ಅವರು ಬಿಟ್ಟು ಬಂದ ಜಾಗ ಖಾಲಿ, ಚೆಂಡು ಅಲ್ಲಿಗೇ ಹೋಗುತ್ತದೆ.

ಒಂದೇ ಪದ ಎರಡು ಕಡೆ ಬರುತ್ತದೆ, ತಲೆ ಕೆಡುತ್ತದೆ.

ಎಲ್ಲರಿಗೂ ಕೆಡುತ್ತದೆ. ಟ್ಯಾಕಲ್ ಎಂದರೆ ಹಿಡಿದು ಕೆಡವುವುದು, ಕಬಡ್ಡಿಯಲ್ಲಿ ರೇಡರ್‌ನ ಕೆಡವಿದ ಹಾಗೆ. ಟ್ಯಾಕಲ್ ಎಂಬ ಆಟಗಾರ ದಾಳಿಯಲ್ಲೂ ಇದ್ದಾನೆ, ರಕ್ಷಣೆಯಲ್ಲೂ ಇದ್ದಾನೆ. ದಾಳಿಯ ಟ್ಯಾಕಲ್ ಯಾರನ್ನೂ ಹಿಡಿಯುವಂತೆಯೇ ಇಲ್ಲ! ಸೇಫ್ಟಿ ಎಂದರೆ ಹಿಂದೆ ಕಾಯುವವನು. ಚೆಂಡಿರುವವನನ್ನು ಅವನದೇ ಎಂಡ್ ಝೋನಿನಲ್ಲಿ ಕೆಡವಿದರೆ ಸಿಗುವ 2 ಅಂಕವೂ ಸೇಫ್ಟಿ. ಅಂಕ ಕೊಟ್ಟ ತಂಡವೇ ಆಮೇಲೆ ಚೆಂಡನ್ನು ಒದ್ದು ಎದುರಾಳಿಗೆ ಕೊಡಬೇಕು, ಆದ್ದರಿಂದ ಏಟು ಎರಡು ಸಲ ಬಿದ್ದಂತೆ.

ಹಳದಿ ಬಾವುಟ ಬಿದ್ದರೆ?

ತಪ್ಪಾಗಿದೆ ಎಂದರ್ಥ. ಹೆಚ್ಚು ಕಾಣುವವು ಇವು. ಸ್ನ್ಯಾಪ್‌ಗೆ ಮುಂಚೆ ದಾಳಿಯವನು ಅಲುಗಿದರೆ ಫಾಲ್ಸ್ ಸ್ಟಾರ್ಟ್, 5 ಗಜ. ಸ್ನ್ಯಾಪ್ ಹೊತ್ತಿಗೆ ರಕ್ಷಣೆಯವನು ಗೆರೆ ದಾಟಿದ್ದರೆ ಆಫ್‌ಸೈಡ್, ಅದೂ 5. ಸ್ನ್ಯಾಪ್‌ಗೆ ಮುಂಚೆಯೇ ದಾಟಿ ಎದುರಾಳಿಗೆ ತಾಗಿದರೆ ಎನ್‌ಕ್ರೋಚ್‌ಮೆಂಟ್, ಅದಕ್ಕೂ 5, ಆಟ ಅಲ್ಲೇ ನಿಲ್ಲುತ್ತದೆ. ಬರೀ ಆಫ್‌ಸೈಡ್ ಆದರೆ ಆಟ ಸಾಗುತ್ತದೆ. ಆಗ ಕ್ವಾರ್ಟರ್‌ಬ್ಯಾಕ್ ಧೈರ್ಯವಾಗಿ ದೂರಕ್ಕೆ ಎಸೆಯುತ್ತಾನೆ. ಕೆಟ್ಟರೆ ದಂಡ ಪಡೆಯಬಹುದು, ಗೆದ್ದರೆ ದಂಡ ಬೇಡ ಎನ್ನಬಹುದು. ಇದು ಫ್ರೀ ಪ್ಲೇ.

ದಾಳಿಯ ಹೋಲ್ಡಿಂಗ್‌ಗೆ 10 ಗಜ. ಎದೆಯ ಚೌಕಟ್ಟಿನೊಳಗೆ ಕೈಯಿಟ್ಟು ತಳ್ಳಬಹುದು. ಹೊರಗಿನಿಂದ ಅಂಗಿ ಹಿಡಿದೆಳೆದರೆ, ತೋಳಿನಿಂದ ಸುತ್ತಿದರೆ ತಪ್ಪು. ಮುಖದ ಜಾಲರಿ ಹಿಡಿದರೆ 15. ಎಲ್ಲಕ್ಕಿಂತ ದುಬಾರಿ ಡಿಫೆನ್ಸಿವ್ ಪಾಸ್ ಇಂಟರ್‌ಫಿಯರೆನ್ಸ್, ಅಂದರೆ ಚೆಂಡು ಗಾಳಿಯಲ್ಲಿರುವಾಗ ರಿಸೀವರ್‌ನ ಅಡ್ಡಗಟ್ಟುವುದು. ತಪ್ಪು ನಡೆದ ಜಾಗಕ್ಕೇ ಚೆಂಡು ಹೋಗುತ್ತದೆ, ಹೊಸ ಮೊದಲ ಡೌನ್ ಬೇರೆ. 45 ಗಜ ಆಚೆ ನಡೆದರೆ 45 ಗಜ. ಕಾಲೇಜಿನಲ್ಲಿ ಇದಕ್ಕೆ 15ರ ಮಿತಿಯಿದೆ.

ಹಿಡಿದರೂ ಕ್ಯಾಚ್ ಅಲ್ಲ ಅಂದರಲ್ಲ?

ಚೆಂಡು ಹಿಡಿತದಲ್ಲಿರಬೇಕು, ಎರಡು ಪಾದ ಗೆರೆಯೊಳಗೆ ತಾಗಬೇಕು, ಆಮೇಲೆ ಒಂದು ಹೆಜ್ಜೆ ಇಡುವುದೋ ಚೆಂಡು ಚಾಚುವುದೋ ಆಗುವಷ್ಟು ಹೊತ್ತು ಉಳಿಯಬೇಕು. ಕಾಲೇಜಿನಲ್ಲಿ ಒಂದು ಪಾದ ಸಾಕು.

ಕೊನೆಯ ಎರಡು ನಿಮಿಷ ಅರ್ಧ ಗಂಟೆ ಹಿಡಿಯುವುದೇಕೆ?

15 ನಿಮಿಷದ ನಾಲ್ಕು ಕ್ವಾರ್ಟರ್. ಪಾಸ್ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ, ಗೆರೆಯೊಳಗೆ ಕೆಡವಿದರೆ ಓಡುತ್ತಲೇ ಇರುತ್ತದೆ. ಪಂದ್ಯದ ಕೊನೆಯ ಐದು ನಿಮಿಷದಲ್ಲಿ ಗೆರೆ ದಾಟಿ ಹೊರಗೆ ಹೋದರೂ ಮುಂದಿನ ಸ್ನ್ಯಾಪ್ ತನಕ ನಿಂತಿರುತ್ತದೆ. ಪ್ರತಿ ಅರ್ಧಕ್ಕೆ ತಂಡಕ್ಕೆ ಮೂರು ಟೈಮ್‌ಔಟ್. ಅಂಕದಲ್ಲಿ ಹಿಂದಿರುವ ತಂಡ ಅಂಚಿಗೆ ಎಸೆದು ಹೊರಗೆ ಓಡುತ್ತದೆ, ಇಲ್ಲವೇ ಸ್ನ್ಯಾಪ್ ಪಡೆದ ತಕ್ಷಣ ಚೆಂಡನ್ನು ನೆಲಕ್ಕೆ ಕುಕ್ಕುತ್ತದೆ. ಅದು ಸ್ಪೈಕ್. ಒಂದು ಡೌನ್ ಕೊಟ್ಟು ಸಮಯ ಕೊಂಡಂತೆ. ಮುಂದಿರುವ ತಂಡದ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಮಂಡಿಯೂರಿ ಡೌನ್ ಮುಗಿಸುತ್ತಾನೆ, ಗಡಿಯಾರ ಓಡುತ್ತಲೇ ಇರುತ್ತದೆ. ಒಂದು ಮಂಡಿಗೆ ಸುಮಾರು 40 ಸೆಕೆಂಡು ಕರಗುತ್ತದೆ. ಎದುರಾಳಿಗೆ ಟೈಮ್‌ಔಟ್ ಇಲ್ಲದಿದ್ದರೆ ಎರಡು ನಿಮಿಷಕ್ಕೆ ಮೂರು ಮಂಡಿ ಸಾಕು.

ಇಷ್ಟೆಲ್ಲ ಪದಗಳೂ ಒಟ್ಟಿಗೆ ಬರುವ ಒಂದು ಉದಾಹರಣೆ?

2015ರ ಫೆಬ್ರವರಿ 1ರ 49ನೇ ಸೂಪರ್ ಬೌಲ್ (ಎನ್‌ಎಫ್‌ಎಲ್‌ನ ಫೈನಲ್), ಅರಿಝೋನಾದಲ್ಲಿ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28, ಸಿಯಾಟಲ್ ಸೀಹಾಕ್ಸ್ 24. ಚೆಂಡು ಸಿಯಾಟಲ್ ಕೈಯಲ್ಲಿ, ಗೋಲ್ ಗೆರೆಗೆ ಒಂದೇ ಗಜ. ಎರಡನೇ ಡೌನ್, 26 ಸೆಕೆಂಡು, ಒಂದು ಟೈಮ್‌ಔಟ್. ಬಲಿಷ್ಠ ರನ್ನಿಂಗ್ ಬ್ಯಾಕ್ ಮಾರ್ಶಾನ್ ಲಿಂಚ್ ಇದ್ದರೂ ಕೋಚ್ ಪಾಸ್ ಹೇಳಿದ. ಜಗತ್ತೇ ಬೈಯಿತು, ಆದರೆ ಲೆಕ್ಕ ಅಷ್ಟು ಹುಚ್ಚಾಗಿರಲಿಲ್ಲ. ಓಟ ವಿಫಲವಾದರೆ ಗಡಿಯಾರ ಓಡುತ್ತದೆ, ಇರುವ ಒಂದು ಟೈಮ್‌ಔಟ್ ಅಲ್ಲೇ ಖರ್ಚು. ಪಾಸ್ ನೆಲಕ್ಕೆ ಬಿದ್ದರೆ ಗಡಿಯಾರ ತಾನೇ ನಿಲ್ಲುತ್ತದೆ, ಮೂರೂ ಡೌನ್ ಬಳಸಬಹುದು.

ಬಲಗಡೆ ಇಬ್ಬರು ರಿಸೀವರ್‌ಗಳು ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಮುಂದಿನವನು ಕಾರ್ನರ್‌ಬ್ಯಾಕ್‌ಗೆ ಅಡ್ಡವಾಗಬೇಕು, ಹಿಂದಿನವನು ಒಳಕ್ಕೆ ತಿರುಗಿ ಚೆಂಡು ಹಿಡಿಯಬೇಕು. ಆದರೆ ಪೇಟ್ರಿಯಟ್ಸ್‌ನ ಬ್ರಾಂಡನ್ ಬ್ರೌನರ್ ಮುಂದಿನವನನ್ನು ಗೆರೆಯಲ್ಲೇ ಅದುಮಿ ಹಿಡಿದ. ಅವನ ಜೊತೆಗಾರನಿಗೆ ದಾರಿ ತೆರೆಯಿತು. ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) ಯಾರೂ ಆರಿಸದೆ ತಂಡ ಸೇರಿದ್ದ ಹೊಸ ಕಾರ್ನರ್‌ಬ್ಯಾಕ್ ಮಾಲ್ಕಮ್ ಬಟ್ಲರ್ ನುಗ್ಗಿ ಬಂದು ರಿಸೀವರ್‌ಗಿಂತ ಮೊದಲೇ ಚೆಂಡು ಹಿಡಿದ: ಇಂಟರ್‌ಸೆಪ್ಷನ್.

ಎಲ್ಲರೂ ಮರೆಯುವುದು ಮುಂದಿನದನ್ನು. ಪೇಟ್ರಿಯಟ್ಸ್ ಈಗ ತಮ್ಮದೇ ಒಂದು ಗಜದ ಆಸುಪಾಸಿನಲ್ಲಿದ್ದರು. ಅಲ್ಲಿ ಮಂಡಿಯೂರಲು ಹಿಂದೆ ಸರಿದರೆ ಸೇಫ್ಟಿಯಾಗುವ ಭಯ. ಅವರ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ದನಿ ಏರಿಳಿಸುತ್ತ ಸ್ನ್ಯಾಪ್ ತಡಮಾಡಿದ. ಸಿಯಾಟಲ್‌ನ ಮೈಕಲ್ ಬೆನೆಟ್ ತಡೆಯಲಾರದೆ ಗೆರೆ ದಾಟಿದ. ಎನ್‌ಕ್ರೋಚ್‌ಮೆಂಟ್, 5 ಗಜ. ಮಂಡಿಯೂರಲು ಜಾಗ ಸಿಕ್ಕಿತು.

ಭಾರತದಲ್ಲಿ ಕೂತು ನೋಡುವುದಾದರೆ ಎಷ್ಟು ಹೊತ್ತಿಗೆ?

ಅಮೆರಿಕದ ಪೂರ್ವ ತೀರದ ಭಾನುವಾರ ಮಧ್ಯಾಹ್ನ 1 ಗಂಟೆಯ ಪಂದ್ಯ ನಮಗೆ ರಾತ್ರಿ 10.30ಕ್ಕೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದೆ ಸರಿಸಿದ ಮೇಲೆ 11.30ಕ್ಕೆ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ಅದೇ ಪಂದ್ಯ ಬೆಳಗಿನ 10ಕ್ಕೆ, ತಿಂಡಿಯ ಹೊತ್ತಿಗೆ. ಸೂಪರ್ ಬೌಲ್ ಶುರುವಾಗುವುದು ಪೂರ್ವ ತೀರದಲ್ಲಿ ಭಾನುವಾರ ಸಂಜೆ 6.30ರ ಹೊತ್ತಿಗೆ. ನಮ್ಮಲ್ಲಿ ಆಗ ಸೋಮವಾರ ಬೆಳಗಿನ ಜಾವ 5. ಪಂದ್ಯ ಮುಗಿಯಲು ಮೂರೂವರೆ ಗಂಟೆಗಿಂತ ಹೆಚ್ಚೇ ಬೇಕು, ಆಫೀಸಿಗೆ ಹೊರಡುವವರು ಲೆಕ್ಕ ಹಾಕಿಕೊಳ್ಳಿ.